ಮಳೆ ಮೂರು ಸಾವಿರ ಮಿಲಿಮೀಟರ್, ಏಪ್ರಿಲ್‌ನಲ್ಲಿ ಬಾವಿ ಖಾಲಿ: ನೀರಿನ ವಿಷಯದಲ್ಲಿ ಎಂ.ಟೆಕ್ ಮಾಡಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ನಾನು ಶಿವಮೊಗ್ಗದಲ್ಲಿ ಬಿ.ಇ. ಸಿವಿಲ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಅಂಗಳಕ್ಕೆ ಕಾಲಿಡೋಕಾಗಲ್ಲ. ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಯಾಕೆ ಹೀಗೆ ಅಂತ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ, ಯಾರೂ ಸರಿಯಾಗಿ ಹೇಳಿಲ್ಲ. ಜಲಸಂಪನ್ಮೂಲ ನಿರ್ವಹಣೆಯಲ್ಲಿ ಎಂ.ಟೆಕ್ ಮಾಡುವ ಆಸೆ. ಅಪ್ಪ ಮಾತ್ರ "ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ನೋಡು, ನೀರು ಓದಿ ಏನು ಮಾಡ್ತೀಯ" ಅಂತಾರೆ. ಎಲ್ಲಿ ಓದಬೇಕು? ಕೆಲಸ ಸಿಗುತ್ತಾ? ಹೊರದೇಶಕ್ಕೆ ಹೋಗಬೇಕಾ? ಬಿ.ಎಸ್ಸಿ. ಭೂವಿಜ್ಞಾನ ಓದಿದ ನನ್ನ ಗೆಳತಿಗೂ ಇದೇ ಆಸೆ. ಅವಳಿಗೆ ದಾರಿ ಇದೆಯಾ?

ಉತ್ತರ: ನಮಸ್ಕಾರ. ಕಾಲೇಜಿನ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಬಾವಿಯ ವಿಷಯ ಮಾತಾಡೋಣ. ಯಾವ ಕೋರ್ಸು, ಯಾವ ಊರು ಅನ್ನೋದೆಲ್ಲ ಆ ಬಾವಿ ಕಟ್ಟೆಯ ಮೇಲೇ ತೀರ್ಮಾನ ಆಗಬೇಕು ಅಂತ ನನಗನ್ನಿಸುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ನಿಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಅಂತ ಹಿಡಿದರೆ ಎಕರೆಗೆ 1 ಕೋಟಿ 21 ಲಕ್ಷ ಲೀಟರ್ ಬಿದ್ದ ಹಾಗಾಯಿತು. ಈಗ ತೋಟದ ಖರ್ಚು ನೋಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಅಂತಾರೆ. ಅಲ್ಲಿಗೆ ದಿನಕ್ಕೆ ಹತ್ತಿರ ಹತ್ತಿರ 10,000 ಲೀಟರ್. ಡಿಸೆಂಬರ್‌ನಿಂದ ಮೇ ಕೊನೆಯವರೆಗೆ 180 ದಿನ ಒಂದು ದಿನವೂ ಬಿಡದೆ ಕೊಟ್ಟರೂ 18 ಲಕ್ಷ ಲೀಟರ್. ಬಿದ್ದ ಮಳೆಯಲ್ಲಿ ಆರನೇ ಒಂದು ಪಾಲೂ ಬೇಡ. ಆದರೂ ಬಾವಿ ಬತ್ತುತ್ತದೆ, ಅಲ್ವಾ? ಹಾಗಾದರೆ ನಿಮ್ಮೂರಿಗೆ ಮಳೆ ಕಮ್ಮಿಯಾಗಿಲ್ಲ. ಬಿದ್ದ ನೀರು ನಿಮ್ಮ ಗುಡ್ಡದಲ್ಲಿ ಎಷ್ಟು ದಿನ ತಂಗುತ್ತದೆ ಅನ್ನೋದನ್ನು ಹುಡುಕಬೇಕು.

ನಮ್ಮ ಮಲೆನಾಡಿನ ನೆಲವನ್ನು ಬಾವಿ ತೋಡುವವರು ಚೆನ್ನಾಗಿ ಬಲ್ಲರು. ಮೇಲೆ ಜಂಬಿಟ್ಟಿಗೆ, ಅಂದರೆ ತೂತುತೂತಾದ ಕೆಂಪು ಕಲ್ಲು. ಅದರ ಕೆಳಗೆ ಪುಡಿಪುಡಿಯಾದ ಮೆದು ಕಲ್ಲು. ಅದರ ಕೆಳಗೆ ಗಟ್ಟಿ ಬಂಡೆ. ನೀರು ಹೆಚ್ಚಾಗಿ ನಿಲ್ಲೋದು ಮೇಲಿನ ಎರಡು ಪದರದಲ್ಲಿ. ಬಂಡೆಯಲ್ಲಿ ಬಿರುಕಿದ್ದರೆ ಅಲ್ಲಿಷ್ಟು. ಆರಿದ್ರಾ, ಪುನರ್ವಸು ಮಳೆಗೆ ನೆಲ ಕುಡಿಯುತ್ತಾ ಹೋಗುತ್ತದೆ. ಪುಷ್ಯ ಮಳೆ ಹೊತ್ತಿಗೆ ಜಲ ಏಳುತ್ತದೆ, ಧರೆ ಅಂದರೆ ಕಡಿದಾದ ಮಣ್ಣಿನ ದಂಡೆ, ಅದರ ಬುಡದಲ್ಲೆಲ್ಲ ಒರತೆ ಒಡೆಯುತ್ತದೆ. ಅಲ್ಲಿಗೆ ನೆಲದ ಹೊಟ್ಟೆ ತುಂಬಿತು ಅಂತ ಅರ್ಥ. ಆಮೇಲೆ ಎಷ್ಟು ಬಿದ್ದರೂ ಅದು ಹಳ್ಳದ ಪಾಲು.

ಇನ್ನು ಮಳೆ ನಿಂತ ಮೇಲೆ ನೋಡಿ. ನವೆಂಬರ್, ಡಿಸೆಂಬರ್‌ನಲ್ಲೂ ನಿಮ್ಮ ಹಳ್ಳ ಹರಿಯುತ್ತಿರುತ್ತಲ್ಲ, ಆ ನೀರು ಎಲ್ಲಿಂದ ಬಂತು? ಆಕಾಶದಲ್ಲಿ ಮೋಡವೇ ಇಲ್ಲ. ಅದು ಗುಡ್ಡದ ಬುಡದಿಂದ ಬಸಿಯುತ್ತಿರುವ ನಿಮ್ಮ ಬಾವಿಯ ನೀರೇ. ನೀವು ಒಂದು ಕೊಡ ಎತ್ತದಿದ್ದರೂ ಬಾವಿಯ ಮಟ್ಟ ದಿನದಿನಕ್ಕೆ ಇಳಿಯುತ್ತದೆ. ಜಂಬಿಟ್ಟಿಗೆ ನೆಲ ಹಿಡಿದಿಡೋದೂ ಕಮ್ಮಿ. ಅಂತರ್ಜಲದ ಅಂದಾಜು ಮಾಡುವಾಗ ನಮ್ಮ ದೇಶದಲ್ಲಿ ಜಂಬಿಟ್ಟಿಗೆಗೆ ನೂರಕ್ಕೆ ಎರಡೂವರೆ ಅಂತ ಲೆಕ್ಕ ಹಿಡಿಯುತ್ತಾರೆ. ನೂರು ಲೀಟರ್ ಜಾಗದಷ್ಟು ನೆಲದಿಂದ ಬಾವಿಗೆ ಬರೋದು ಎರಡೂವರೆ ಲೀಟರ್ ಮಾತ್ರ. ಹಾಗಾಗಿ ಒಂದು ಎಕರೆಯಡಿ ನೀರು ಒಂದು ಮೀಟರ್ ಇಳಿದರೆ ಸಿಕ್ಕಿದ್ದು ಸುಮಾರು 1 ಲಕ್ಷ ಲೀಟರ್. ಅದು ನಿಮ್ಮ ಒಂದು ಎಕರೆ ತೋಟಕ್ಕೆ ಹತ್ತು ದಿನಕ್ಕಾಯಿತು. ಬಾವಿಯಲ್ಲಿ ಒಂದು ಮೀಟರ್, ತೋಟಕ್ಕೆ ಹತ್ತು ದಿನ. ಅದರಲ್ಲೂ ಹಳ್ಳ ತನ್ನ ಪಾಲು ಕಿತ್ತುಕೊಂಡೇ ಹೋಗುತ್ತದೆ.

ನೀವು ಚಿಕ್ಕಂದಿನಿಂದ ಕೇಳುತ್ತಿದ್ದ ಪ್ರಶ್ನೆಗೆ ಉತ್ತರದ ಮೊದಲ ತುಂಡು ಇದು. ಪೂರ್ತಿ ಉತ್ತರ ಬೇಕು ಅಂದರೆ ನಿಮ್ಮ ಗುಡ್ಡವನ್ನೇ ಅಳೆಯಬೇಕು. ಎಂ.ಟೆಕ್‌ನಲ್ಲಿ ಕಲಿಯೋದು ಇಂಥದ್ದನ್ನೇ. ಈ ಲೆಕ್ಕ ಓದುವಾಗ ನಿಮಗೆ ಖುಷಿಯಾಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಈಗ ಕೋರ್ಸಿಗೆ ಬರೋಣ. ಒಂದೇ ಬಾವಿಯ ಮುಂದೆ ನಿಂತು ಮೂರು ಥರದ ಪ್ರಶ್ನೆ ಕೇಳಬಹುದು. ಹಳ್ಳಕ್ಕೆ ಒಡ್ಡು ಹಾಕಬೇಕಾ, ಎಷ್ಟು ಎತ್ತರ, ಆಗಸ್ಟ್‌ನ ನೆರೆಗೆ ಅದು ನಿಲ್ಲುತ್ತಾ ಅಂತ ಕೇಳಿದರೆ ಅದು ಎಂಜಿನಿಯರಿಂಗ್. ನೆಲದೊಳಗೆ ಯಾವ ಕಲ್ಲಿದೆ, ನೀರು ಯಾವ ದಾರಿಯಲ್ಲಿ ನಡೆಯುತ್ತೆ ಅಂತ ಕೇಳಿದರೆ ಅದು ಭೂವಿಜ್ಞಾನ. ಮೇಲಿನ ಮನೆಯವರು ಬೋರ್ ಕೊರೆಸಿದರೆ ಕೆಳಗಿನ ಮನೆಯ ಬಾವಿಗೆ ಏನಾಗುತ್ತೆ, ಯಾರಿಗೆ ಎಷ್ಟು ಅಂತ ಯಾರು ಹೇಳಬೇಕು ಅನ್ನೋದು ಕಾನೂನು ಮತ್ತು ಆಡಳಿತದ ಪ್ರಶ್ನೆ. "ಜಲಸಂಪನ್ಮೂಲ ನಿರ್ವಹಣೆ" ಅಂತ ಬೋರ್ಡು ಹಾಕಿಕೊಂಡ ಕೋರ್ಸುಗಳು ಈ ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿರುತ್ತವೆ. ಹೆಸರು ನೋಡಿ ಸೇರಬೇಡಿ. ಈ ಮೂರರಲ್ಲಿ ಯಾವುದು ನಿಮ್ಮ ತಲೆ ತಿನ್ನುತ್ತೆ ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಪಠ್ಯಕ್ರಮ ತೆಗೆದು ನೋಡಿ.

ನೀವು ಸಿವಿಲ್ ಓದಿದವರು, ಹಾಗಾಗಿ ಮೊದಲ ಬಾಗಿಲು ತೆರೆದೇ ಇದೆ. ಗೇಟ್ ಪರೀಕ್ಷೆ ಬರೆಯಬೇಕು. ಅರ್ಜಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಅಂಕ ಮೂರು ವರ್ಷ ನಡೆಯುತ್ತದೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ. ಇದನ್ನು ಅಪ್ಪನಿಗೆ ಮರೆಯದೆ ಹೇಳಿ. ಹಾಸ್ಟೆಲ್, ಊಟದ ಖರ್ಚು ಬಹುಪಾಲು ಅದರಲ್ಲೇ ನಡೆಯುತ್ತದೆ. ಎನ್‌ಐಟಿಗಳಿಗೆ ಸಿಸಿಎಂಟಿ ಅಂತ ಕೌನ್ಸೆಲಿಂಗ್ ಇರುತ್ತದೆ, ಐಐಟಿಗಳ ಸೀಟಿಗೆ ಸಿಒಎಪಿ. ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ ದಾರಿಯೂ ಇದೆ.

ನನ್ನನ್ನು ಕೇಳಿದರೆ ನಿಮಗೆ ಮೊದಲ ಆಯ್ಕೆ ಸುರತ್ಕಲ್ ಎನ್‌ಐಟಿಕೆ. ಅಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ಅಂತಲೇ ಒಂದು ವಿಭಾಗ ಇದೆ. ಘಾಟಿ ಇಳಿದರೆ ಆಯಿತು, ನಿಮ್ಮ ಮನೆಗೂ ಹತ್ತಿರ. ಆದರೆ ನಾನು ಹೇಳುವ ಕಾರಣ ದೂರದ್ದಲ್ಲ. ಅಲ್ಲಿಯದೂ ನಮ್ಮದೇ ಜಂಬಿಟ್ಟಿಗೆ, ನಮ್ಮದೇ ಘಟ್ಟದ ಮಳೆ, ಬೇಸಿಗೆಯಲ್ಲಿ ಸೊರಗುವ ಅಂಥದ್ದೇ ಹೊಳೆಗಳು. ಅಲ್ಲಿ ಕಲಿತದ್ದನ್ನು ಹೊಸನಗರಕ್ಕೆ ತಂದು ಹಾಗೇ ಬಳಸಬಹುದು.

ಬೆಂಗಳೂರಿನ ಐಐಎಸ್ಸಿಯಲ್ಲಿ ಸಿವಿಲ್ ವಿಭಾಗದಲ್ಲೇ ಜಲಸಂಪನ್ಮೂಲ ಓದಬಹುದು, ನೀರಿನ ಸಂಶೋಧನೆಗೆ ಪ್ರತ್ಯೇಕ ಕೇಂದ್ರವೂ ಇದೆ. ಗಣಿತ, ಸಂಖ್ಯಾಶಾಸ್ತ್ರ ಇಷ್ಟ ಇರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿಲ್ಲ. ದೂರ ಹೋಗುವ ಮನಸ್ಸಿದ್ದರೆ ರೂರ್ಕಿ. ಗಂಗಾ ಕಾಲುವೆ ಕಟ್ಟೋಕೆ ಎಂಜಿನಿಯರುಗಳು ಬೇಕು ಅಂತ 1847ರಲ್ಲಿ ಶುರುವಾದ ಕಾಲೇಜೇ ಇವತ್ತಿನ ರೂರ್ಕಿ ಐಐಟಿ. ನೀರು ಅದರ ಹುಟ್ಟಿನಲ್ಲೇ ಇದೆ. ಜಲವಿಜ್ಞಾನಕ್ಕೆ ಒಂದು ವಿಭಾಗ, ಜಲಸಂಪನ್ಮೂಲ ಅಭಿವೃದ್ಧಿ ಮತ್ತು ನಿರ್ವಹಣೆಗೆ ಇನ್ನೊಂದು ವಿಭಾಗ. ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯೂ ಅದೇ ಊರಲ್ಲಿದೆ. ಅದರದ್ದೇ ಒಂದು ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿದೆ, ಗಟ್ಟಿ ಶಿಲೆಯ ಪ್ರದೇಶಗಳ ನೀರನ್ನು ನೋಡುತ್ತದೆ. ಇಂಟರ್ನ್‌ಶಿಪ್‌ಗೆ ಅಲ್ಲಿಗೊಂದು ಪತ್ರ ಬರೆದು ನೋಡಿ.

ಸೇರುವ ಮುಂಚೆ ಅಲ್ಲಿ ಈಗ ಓದುತ್ತಿರುವವರಿಗೆ ಫೋನ್ ಮಾಡಿ ಒಂದು ಮಾತು ಕೇಳಿ. "ಎರಡು ವರ್ಷದಲ್ಲಿ ಎಷ್ಟು ಸಲ ಹೊಳೆಗೆ ಇಳಿದಿರಿ?" ಉತ್ತರ "ಇಲ್ಲವೇ ಇಲ್ಲ" ಅಂತ ಬಂದರೆ ಯೋಚನೆ ಮಾಡಿ. ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಒಂದು ಕಾರಣ ಇದೆ.

ನಾನು ಓದು ಮುಗಿಸಿ ಬಂದ ಹೊಸತು. ಒಂದು ಯೋಜನೆಯಲ್ಲಿ ಗುಡ್ಡದ ಇಳಿಜಾರಲ್ಲಿ ಸಾಲಾಗಿ ಇಂಗುಗುಂಡಿ ತೆಗೆಸಿದೆವು. ಬಯಲುಸೀಮೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಅಳತೆ, ಅದನ್ನೇ ಇಲ್ಲಿಗೂ ತಂದಿದ್ದೆ. ನಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಇಳಿಜಾರು ಎಷ್ಟು ಕಡಿದು, ಬಂಡೆಯ ಮೇಲೆ ಮಣ್ಣು ಎಷ್ಟು ದಪ್ಪ ಅಂತ ನಾನು ಅಳೆದಿರಲಿಲ್ಲ. ಎರಡನೇ ಮಳೆಗಾಲದಲ್ಲಿ ಮೂರು ದಿನ ಬಿಡದೆ ಹೊಡೆಯಿತು. ಗುಂಡಿಯಲ್ಲಿ ಇಂಗಿದ ನೀರು ಮಣ್ಣಿನ ಭಾರ ಹೆಚ್ಚಿಸಿತು, ಹಿಡಿತ ಸಡಿಲಿಸಿತು. ಕೆಳಗಿನ ಧರೆ ಪೂರ್ತಿ ಕುಸಿಯಿತು. ಒಂದು ಮನೆಯ ಕೊಟ್ಟಿಗೆಯ ಹಿಂಗೋಡೆಗೆ ತಾಗಿ ಮಣ್ಣು ನಿಂತಿತ್ತು. ದನಗಳು ಉಳಿದವು. ನಾನು ಹೋಗಿ ನಿಂತಾಗ ಆ ಮನೆಯ ಅಜ್ಜಿ ಬೈಯಲಿಲ್ಲ. "ಅದು ಹಿಂದೆಯೂ ಜರಿದ ಜಾಗ ಮಾರಾಯ, ನಮ್ಮನ್ನು ಕೇಳಿದ್ರೆ ಹೇಳ್ತಿದ್ವಲ್ಲ" ಅಂದರು. ಆ ಕೊಟ್ಟಿಗೆಯ ಗೋಡೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಕಡಿದಾದ ಗುಡ್ಡದಲ್ಲಿ ನೀರು ಇಂಗಿಸುವ ಮುಂಚೆ ಅಳೆಯಬೇಕು, ಊರವರನ್ನು ಕೇಳಬೇಕು. ಇದನ್ನು ನಿಮಗೆ ಕಲಿಸುವ ಗುರುಗಳು ಇರುವ ಕಡೆ ಸೇರಿ.

ಓದುವಾಗ ಯಾವ ವಿಷಯಕ್ಕೆ ಜಾಸ್ತಿ ಗಮನ ಕೊಡಬೇಕು? ಜಲವಿಜ್ಞಾನ, ಅಂತರ್ಜಲ ಎರಡೂ ಹೇಗೂ ಇರುತ್ತವೆ. ನಮ್ಮ ಮಕ್ಕಳು ತಪ್ಪಿಸಿಕೊಳ್ಳೋದು ಸಂಖ್ಯಾಶಾಸ್ತ್ರದಿಂದ. ತಪ್ಪಿಸಿಕೊಳ್ಳಬೇಡಿ. "ನೂರು ವರ್ಷದ ನೆರೆ" ಅಂದಾಗ ನೂರು ವರ್ಷಕ್ಕೊಮ್ಮೆ ಬರುವ ನೆರೆ ಅಂತ ಜನ ತಿಳಿಯುತ್ತಾರೆ. ಯಾವುದೇ ಒಂದು ವರ್ಷದಲ್ಲಿ ಅಷ್ಟು ನೀರು ಬರುವ ಸಾಧ್ಯತೆ ನೂರಕ್ಕೆ ಒಂದು ಅಂತ ಅದರ ಅರ್ಥ. ಸತತ ಎರಡು ವರ್ಷವೂ ಬರಬಹುದು. ಈ ವ್ಯತ್ಯಾಸ ಗೊತ್ತಿಲ್ಲದವರು ಸೇತುವೆಯ ಎತ್ತರ ನಿರ್ಧರಿಸಬಾರದು. ಸಾಫ್ಟ್‌ವೇರ್‌ಗಳಲ್ಲಿ ನಕ್ಷೆಗೆ ಕ್ಯೂಜಿಐಎಸ್, ಹೊಳೆಯ ಹರಿವಿಗೆ ಹೆಕ್-ರಾಸ್, ಅಂತರ್ಜಲಕ್ಕೆ ಮಾಡ್‌ಫ್ಲೋ. ಮೂರೂ ಉಚಿತ, ಇವತ್ತೇ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬಹುದು. ಎನ್‌ಪಿಟಿಇಎಲ್ ಜಾಲತಾಣದಲ್ಲಿ ಐಐಟಿ ಮೇಷ್ಟರುಗಳ ಪಾಠವೂ ಪುಕ್ಕಟೆ ಸಿಗುತ್ತದೆ. ಪೈಥಾನ್ ಸ್ವಲ್ಪ ಕಲಿಯಿರಿ.

ಸಂಶೋಧನಾ ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ನೀವು ಎಲ್ಲಿಗೂ ಹೋಗಬೇಕಿಲ್ಲ. ಆಗುಂಬೆಯಿಂದ ಶಿವಮೊಗ್ಗಕ್ಕೆ ನೂರು ಕಿಲೋಮೀಟರ್ ಕೂಡ ಇಲ್ಲ. ಅಷ್ಟರೊಳಗೆ ವರ್ಷದ ಮಳೆ 7,000 ಮಿಲಿಮೀಟರ್‌ಗೂ ಮೇಲಿನಿಂದ ಸಾವಿರದ ಆಸುಪಾಸಿಗೆ ಇಳಿದುಬಿಡುತ್ತದೆ. ಒಂದೇ ಬಸ್ಸಿನಲ್ಲಿ ಕೂತು ಇಷ್ಟು ಥರದ ಮಳೆ ನೋಡುವ ಭಾಗ್ಯ ಎಷ್ಟು ಜನ ಸಂಶೋಧಕರಿಗಿದೆ ಹೇಳಿ? ಅಂಬುತೀರ್ಥದ ಶರಾವತಿ ಪಶ್ಚಿಮಕ್ಕೆ ಇಳಿಯುತ್ತಾಳೆ. ಇಕ್ಕೇರಿ ಹತ್ತಿರ ವರದಾಮೂಲದಲ್ಲಿ ಹುಟ್ಟಿದ ವರದೆ ಪೂರ್ವಕ್ಕೆ ಹೋಗಿ ತುಂಗಭದ್ರೆ ಸೇರುತ್ತಾಳೆ. ನೀರು ಎತ್ತ ತಿರುಗಬೇಕು ಅಂತ ತೀರ್ಮಾನವಾಗುವ ದಿಣ್ಣೆಗಳ ಮೇಲೇ ನಾವು ಮನೆ ಕಟ್ಟಿಕೊಂಡಿದ್ದೇವೆ.

ನನಗೆ ಬಹಳ ದಿನದಿಂದ ಕಾಡುತ್ತಿರುವ ಒಂದು ವಿಷಯ ಹೇಳುತ್ತೇನೆ. ಗದ್ದೆ ಹೋಗಿ ತೋಟ ಆಗುತ್ತಿದೆ. ಗದ್ದೆಯಲ್ಲಿ ಮಳೆಗಾಲ ಪೂರ್ತಿ ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದೆವು. ಅಡಿಕೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಬಸಿಗಾಲುವೆ ತೆಗೆದು ಆದಷ್ಟು ಬೇಗ ಹೊರಗೆ ಕಳಿಸುತ್ತೇವೆ. ಬೇಸಿಗೆಯಲ್ಲಿ ಅದೇ ಜಾಗಕ್ಕೆ ನೆಲದಿಂದ ನೀರೆತ್ತುತ್ತೇವೆ. ಅಂದರೆ ಜಮೆ ಕಮ್ಮಿಯಾಗಿ ಖರ್ಚು ಜಾಸ್ತಿಯಾಯಿತು. ಕೆಳಗಿನ ಬಾವಿಗಳಿಗೆ ಇದರಿಂದ ಎಷ್ಟು ಮೀಟರ್ ವ್ಯತ್ಯಾಸ ಆಯಿತು? ಒಂದು ಕಣಿವೆಯಲ್ಲಿ ಗದ್ದೆ ಉಳಿದಿದೆ, ಪಕ್ಕದ್ದರಲ್ಲಿ ಪೂರ್ತಿ ತೋಟ. ಎರಡರ ಬಾವಿಗಳನ್ನೂ ಎರಡು ವರ್ಷ ಅಳೆಯಿರಿ. ಒಳ್ಳೆಯ ಪ್ರಬಂಧ ಆಗುತ್ತದೆ, ಊರಿಗೂ ಬೇಕಾದ ಉತ್ತರ ಸಿಗುತ್ತದೆ. ರೈತರನ್ನು ದೂರೋಕೆ ಇದನ್ನು ಹೇಳುತ್ತಿಲ್ಲ. ಭತ್ತ ಬೆಳೆದು ಕೈ ಸುಟ್ಟುಕೊಂಡವರು ಅಡಿಕೆ ಹಾಕದೆ ಏನು ಮಾಡಬೇಕು? ಸೊರಬದ ಕಾನು ಕಾಡುಗಳು, ಶಿಕಾರಿಪುರದ ಕೆರೆಗಳು, ಎಲ್ಲದರಲ್ಲೂ ಇಂಥ ಪ್ರಶ್ನೆ ಇದೆ.

ಕೆಲಸದ ವಿಷಯ. ಇದರಲ್ಲಿ ಸುಳ್ಳು ಭರವಸೆ ಕೊಡಲಾರೆ. ರಾಜ್ಯದ ಜಲಸಂಪನ್ಮೂಲ ಇಲಾಖೆ, ಸಣ್ಣ ನೀರಾವರಿ, ನೀರಾವರಿ ನಿಗಮಗಳ ಎಂಜಿನಿಯರ್ ಹುದ್ದೆಗೆ ಬೇಕಾಗಿರೋದು ಬಿ.ಇ. ಮಾತ್ರ. ಕೇಂದ್ರ ಜಲ ಆಯೋಗಕ್ಕೆ ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸೇವೆಗಳ ಪರೀಕ್ಷೆ ಬರೆಯಬೇಕು, ಅದಕ್ಕೂ ಬಿ.ಇ. ಸಾಕು. ಸರ್ಕಾರಿ ಕೆಲಸವೇ ಗುರಿಯಾಗಿದ್ದರೆ ಎಂ.ಟೆಕ್ ಅನಿವಾರ್ಯ ಅಲ್ಲ. ಪಾಠ ಮಾಡೋಕೆ, ಸಂಶೋಧನೆಗೆ, ಅಣೆಕಟ್ಟು ಮತ್ತು ನೆರೆಯ ಅಧ್ಯಯನ ಮಾಡುವ ಸಲಹಾ ಕಂಪನಿಗಳಿಗೆ ಎಂ.ಟೆಕ್ ಬೇಕೇ ಬೇಕು.

ಈ ಕೊನೆಯ ಕೆಲಸ ಈಗ ಬೆಳೆಯುತ್ತಿದೆ. 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. ದೊಡ್ಡ ಅಣೆಕಟ್ಟು ಇರುವವರು ಸುರಕ್ಷತಾ ಘಟಕ ಇಡಬೇಕು, ತುರ್ತು ಯೋಜನೆ ಮಾಡಬೇಕು. ಅಣೆಕಟ್ಟಿಗೆ ಏನಾದರೂ ಆದರೆ ನೀರು ಯಾವ ಊರಿಗೆ ಎಷ್ಟು ಗಂಟೆಯಲ್ಲಿ ತಲುಪುತ್ತೆ ಅನ್ನೋ ನಕ್ಷೆ ಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ತುಂಗೆ, ಭದ್ರೆ ಸೇರುವ ನಮ್ಮ ಕೂಡ್ಲಿ ದಾಟಿ ಹೋದ ನೀರೇ ಅಲ್ಲಿ ನಿಂತಿದ್ದು. ಅಂಥ ಕೆಲಸಕ್ಕೆ ಹೊಳೆಯ ಲೆಕ್ಕ ಬಲ್ಲವರು ಬೇಕು. ಇನ್ನೊಂದು ಕಡೆ ಕುಡಿಯುವ ನೀರು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಅಂತ ಗುರಿ. ಒಂಟಿ ಮನೆಗಳ ಮಲೆನಾಡಿನಲ್ಲಿ ಕೊಳವೆ ಎಳೆಯೋದೇ ಕಷ್ಟ. ಎಳೆದ ಮೇಲೂ ಏಪ್ರಿಲ್‌ನಲ್ಲಿ ಮೂಲದಲ್ಲಿ ನೀರಿರಬೇಕಲ್ಲ?

ದೊಡ್ಡ ಯೋಜನೆಗಳೂ ನಮ್ಮ ಸುತ್ತಲೇ ಇವೆ. ಭದ್ರಾ ಮೇಲ್ದಂಡೆಯಲ್ಲಿ ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ ಹಾಕಿ, ಭದ್ರೆಯಿಂದ 29.90 ಟಿಎಂಸಿ ಬಯಲುಸೀಮೆಗೆ ಕೊಡುವ ಲೆಕ್ಕ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ 2019ರಲ್ಲಿ ಜಿಲ್ಲೆಯೇ ಎದ್ದು ನಿಂತಿತು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗಿಳಿಸಿ ವಿದ್ಯುತ್ ತೆಗೆಯುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಈಗಲೂ ಚರ್ಚೆಯಲ್ಲಿದೆ. ಇಲ್ಲೆಲ್ಲ ಎರಡೂ ಕಡೆಯವರು ಟಿಎಂಸಿಯಲ್ಲಿ ಮಾತಾಡುತ್ತಾರೆ. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್, ಹೊಳೆ 11,574 ಕ್ಯೂಸೆಕ್‌ನಂತೆ ಒಂದು ದಿನ ಹರಿದರೆ ಅಷ್ಟಾಗುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು? ನಿಮ್ಮ ತಾಲೂಕು ಲಿಂಗನಮಕ್ಕಿ, ಮಾಣಿ, ಚಕ್ರಾ, ಸಾವೆಹಕ್ಲು ಎಲ್ಲದರ ಹಿನ್ನೀರನ್ನೂ ಕಂಡಿದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟವರ ಮೊಮ್ಮಕ್ಕಳು ಇನ್ನೂ ಜಮೀನಿನ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಆ ಮನೆಗಳ ಮಕ್ಕಳಲ್ಲಿ ಕೆಲವರಾದರೂ ಯೋಜನಾ ವರದಿ ತೆರೆದು, ಈ ಅಂಕಿ ಎಲ್ಲಿಂದ ಬಂತು ಅಂತ ಬೆರಳಿಟ್ಟು ಕೇಳುವಂತಾಗಬೇಕು. ನಿಮ್ಮ ಪ್ರಶ್ನೆ ನೋಡಿ ನನಗೆ ಸಂತೋಷ ಆಗಿದ್ದು ಇದೇ ಕಾರಣಕ್ಕೆ.

ಸಂಬಳದಲ್ಲಿ ಅಪ್ಪ ಹೇಳೋದು ತಪ್ಪಲ್ಲ. ಮೊದಲ ಕೆಲವು ವರ್ಷ ಸಾಫ್ಟ್‌ವೇರ್‌ನವರಷ್ಟು ಸಿಗಲಿಕ್ಕಿಲ್ಲ. ಮನೆಯಲ್ಲಿ ಸಾಲ ಇದ್ದರೆ, ತಮ್ಮನ ಓದು ಬಾಕಿ ಇದ್ದರೆ, ಎರಡು ವರ್ಷ ದುಡಿದು ಆಮೇಲೆ ಓದಿದರೂ ಏನೂ ಕೆಡೋದಿಲ್ಲ. ಗೇಟ್ ಅಂಕ ಮೂರು ವರ್ಷ ಇರುತ್ತಲ್ಲ. ಸಾಲ ಮಾಡಿ ದುಬಾರಿ ಖಾಸಗಿ ಕಾಲೇಜಲ್ಲಿ ಎಂ.ಟೆಕ್ ಮಾಡೋದು ಮಾತ್ರ ಬೇಡ.

ಹೊರದೇಶಕ್ಕೆ ಈಗಲೇ ಬೇಡ ಅಂತ ನನ್ನ ಮಾತು. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಐಎಚ್‌ಇ ಅಂತ ಸಂಸ್ಥೆ ಇದೆ, 1957ರಿಂದ ನೀರಿನ ವಿಷಯವನ್ನೇ ಕಲಿಸುತ್ತಿದೆ. ಒಳ್ಳೆಯ ಜಾಗ. ಆದರೆ ಕೆಲಸದ ಅನುಭವ ಇದ್ದು ಹೋದವರು ಅಲ್ಲಿಂದ ತರುವುದು ಜಾಸ್ತಿ. ಇಲ್ಲಿ ಎರಡು ಮೂರು ವರ್ಷ ಕೆಸರು ತುಳಿದ ಮೇಲೆ ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ.

ನಿಮ್ಮ ಗೆಳತಿಗೆ ಖಂಡಿತ ದಾರಿ ಇದೆ. ಒಂದು ಬಾಗಿಲು ನಿಮಗಿಂತ ಅವಳಿಗೇ ಹತ್ತಿರ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದರೆ ಯುಪಿಎಸ್‌ಸಿಯ ಭೂವಿಜ್ಞಾನಿಗಳ ಪರೀಕ್ಷೆ ಬರೆದು ಕೇಂದ್ರ ಅಂತರ್ಜಲ ಮಂಡಳಿ ಸೇರಬಹುದು. ಆ ಹುದ್ದೆಗೆ ಸಿವಿಲ್ ಓದಿದ ನೀವು ಅರ್ಜಿ ಹಾಕೋಕೆ ಬರೋದಿಲ್ಲ. ಎಂ.ಎಸ್ಸಿ.ಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಅನ್ವಯಿಕ ಭೂವಿಜ್ಞಾನ ವಿಭಾಗ ಇದೆ. ಐಐಟಿಗಳಿಗೆ ಹೋಗಬೇಕಾದರೆ ಜಾಮ್ ಪರೀಕ್ಷೆ. ಅವಳಿಗೆ ಕಾನೂನು, ಪಂಚಾಯಿತಿ, ಹಂಚಿಕೆಯ ಕಡೆ ಒಲವಿದ್ದರೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜಲ ನೀತಿ ಮತ್ತು ಆಡಳಿತದ ಸ್ನಾತಕೋತ್ತರ ಕೋರ್ಸನ್ನು ವಿಚಾರಿಸಲಿ. ಪುಣೆಯ ಅಕ್ವಾಡ್ಯಾಮ್ ಸಂಸ್ಥೆ ಅಂತರ್ಜಲದ ತರಬೇತಿಗಳನ್ನು ಕೊಡುತ್ತದೆ. ಅದಕ್ಕೆ ನೀವಿಬ್ಬರೂ ಒಟ್ಟಿಗೆ ಹೋದರೆ ಒಳ್ಳೆಯದು. ಕಲ್ಲು ಬಲ್ಲವಳು ಒಬ್ಬಳು, ಕಟ್ಟೋದು ಬಲ್ಲವಳು ಒಬ್ಬಳು.

ಇನ್ನು ಈ ವರ್ಷ ಏನು ಮಾಡಬೇಕು? ಗೇಟ್‌ಗೆ ಓದುತ್ತಲೇ ಬಾವಿಗೆ ಒಂದು ಪುಸ್ತಕ ಇಡಿ. 30 ಮೀಟರ್‌ನ ಸ್ಟೀಲ್ ಟೇಪ್ ತೆಗೆದುಕೊಳ್ಳಿ. ತುದಿಗೆ ಒಂದು ಬೋಲ್ಟ್ ಕಟ್ಟಿ, ಭಾರಕ್ಕೆ. ಬಾವಿ ಕಟ್ಟೆಯ ಮೇಲೆ ಒಂದು ಕಡೆ ಕೆಂಪು ಪೇಂಟಿನಲ್ಲಿ ಗೆರೆ ಎಳೆಯಿರಿ. ಯಾವಾಗಲೂ ಅಲ್ಲಿಂದಲೇ ಅಳೆಯಬೇಕು. ಟೇಪಿನ ಕೆಳಗಿನ ಒಂದು ಮೀಟರ್‌ಗೆ ಸೀಮೆಸುಣ್ಣ ಬಳಿಯಿರಿ. ನೀರಿಗೆ ಸ್ವಲ್ಪ ಮುಳುಗುವಷ್ಟು ಇಳಿಸಿ, ಕೆಂಪು ಗೆರೆಗೆ ಸರಿಯಾಗಿ, ಉದಾಹರಣೆಗೆ 8 ಮೀಟರ್ ಬರುವಂತೆ ಹಿಡಿದು ಮೇಲೆತ್ತಿ. ಸೀಮೆಸುಣ್ಣ ಒದ್ದೆಯಾದಲ್ಲಿ ಬಣ್ಣ ಕಪ್ಪಾಗಿರುತ್ತದೆ. ಅದು 64 ಸೆಂಟಿಮೀಟರ್‌ವರೆಗೆ ಇದ್ದರೆ ನೀರು ಇರೋದು 7.36 ಮೀಟರ್ ಆಳದಲ್ಲಿ. ತಾರೀಖು, ಗಂಟೆ, ಆಳ, ಹಿಂದಿನ ದಿನ ಮೋಟಾರ್ ಎಷ್ಟು ಹೊತ್ತು ಓಡಿತು, ಇಷ್ಟು ಬರೆದಿಡಿ.

ಮಳೆಗೆ ನೇರ ಗೋಡೆಯ ಒಂದು ಡಬ್ಬ ಸಾಕು. ಬಾಯಿ, ತಳ ಒಂದೇ ಅಗಲ ಇರಬೇಕು ಅಷ್ಟೇ. ಬಯಲಲ್ಲಿ, ಮರದಿಂದ ದೂರ ಇಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಿ, ಡಬ್ಬ ಖಾಲಿ ಮಾಡಿ ಮತ್ತೆ ಇಡಿ. ಮನೆಗೆ ಅಬ್ಬಿ ನೀರು, ಅಂದರೆ ಗುಡ್ಡದ ಒರತೆಯಿಂದ ತಾನಾಗಿ ಹರಿದು ಬರುವ ನೀರು, ಬರುತ್ತಿದ್ದರೆ ತಿಂಗಳಿಗೊಮ್ಮೆ ಬಕೆಟ್ ಹಿಡಿದು ಲೆಕ್ಕ ಹಾಕಿ. 15 ಲೀಟರ್ ಬಕೆಟ್ 20 ಸೆಕೆಂಡಿಗೆ ತುಂಬಿದರೆ ದಿನಕ್ಕೆ 64,800 ಲೀಟರ್. ಅದೇ ಬಕೆಟ್‌ಗೆ ಮೂರು ನಿಮಿಷ ಬೇಕಾದರೆ 7,200. ಯಾವ ತಿಂಗಳಲ್ಲಿ ಇದು ದಿಢೀರ್ ಅಂತ ಇಳಿಯುತ್ತೆ ನೋಡಿ. ನಿಮ್ಮ ಗುಡ್ಡ ಎಷ್ಟು ದಿನ ನೀರು ಹಿಡಿಯುತ್ತೆ ಅಂತ ಅದೇ ಹೇಳುತ್ತದೆ. ಇಂಥ 52 ವಾರದ ಪುಸ್ತಕ ಹಿಡಿದು ಸಂದರ್ಶನಕ್ಕೆ ಹೋದರೆ ಮೇಷ್ಟರುಗಳು ಅದನ್ನೇ ತಿರುವಿ ಹಾಕುತ್ತಾ ಕೂರುತ್ತಾರೆ.

ಬರುವ ಭಾನುವಾರ ಬೆಳಿಗ್ಗೆ, ಮೋಟಾರ್ ಹಾಕುವ ಮುಂಚೆ ಮೊದಲ ಅಳತೆ ತೆಗೆಯಿರಿ. ಟೇಪಿನ ಈ ತುದಿ ಹಿಡಿಯೋಕೆ ಒಬ್ಬರು ಬೇಕಾಗುತ್ತದೆ. ಅಪ್ಪನನ್ನೇ ಕರೆಯಿರಿ. ಆ ಬಾವಿ ತೋಡಿಸುವಾಗ ಎಷ್ಟನೇ ಅಡಿಗೆ ಜಂಬಿಟ್ಟಿಗೆ ಮುಗಿಯಿತು, ಎಲ್ಲಿ ಬಂಡೆ ಸಿಕ್ಕಿತು, ಒರತೆ ಯಾವ ದಿಕ್ಕಿನಿಂದ ಬಂತು ಅಂತ ಅವರಿಗೆ ನೆನಪಿರುತ್ತದೆ. ಕೇಳಿ, ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.